ಮಲಗದ ಕಾರ್ಡ್

ಮಚ್ಚು ನನ್ನ ಕುತ್ತಿಗೆಯ ಮೇಲಿತ್ತು.

ಆದರೆ ನಾನು ನೋಡುತ್ತಿದ್ದುದು ಮಚ್ಚನ್ನಲ್ಲ... ಅದನ್ನು ಹಿಡಿದಿದ್ದ ಪೌಲೋನ ಇನ್ನೊಂದು ಕೈಯನ್ನು!

ಆ ಕೈ ಗೋಡೆಯ ಸ್ವಿಚ್‌ಬೋರ್ಡಿನ ಕಡೆಗೆ ಹೊರಟಿತ್ತು. ಅಲ್ಲಿದ್ದುದು ಎರಡೇ ಸಾಕೆಟ್. ಒಂದರಲ್ಲಿ ನನ್ನ ಲ್ಯಾಪ್‌ಟಾಪಿನ ಚಾರ್ಜರ್. ಇನ್ನೊಂದರಲ್ಲಿ ಮೂಲೆಯಲ್ಲಿ ಗುಂಯ್ ಎನ್ನುತ್ತಿದ್ದ ದೊಡ್ಡ ಮೆಷಿನ್ನಿನ ವೈರ್. ಅದಕ್ಕೊಂದು ಯುಪಿಎಸ್ ಇತ್ತು. ಕೆಟ್ಟು ಎಷ್ಟೋ ಕಾಲವಾಗಿತ್ತು.

"ಪೌಲೋ! ಆ ವೈರಿಗೆ ಕೈ ಹಾಕ್ಬೇಡ!"

"ಯಾಕೋ? ನನ್ನ ಫೋನ್ ಸಾಯ್ತಾ ಇದೆ. ಮ್ಯಾಚ್ ಇನ್ನೂ ಮುಗಿದಿಲ್ಲ."

"ಯಾರು ಮುಂದಿದಾರೆ?"

"ನಮ್ಮೋರೇ. ಆದ್ರೆ ಮೂರೇ ಪಾಯಿಂಟು." ಮಚ್ಚನ್ನು ಇನ್ನಷ್ಟು ಒತ್ತಿದ. "ಮಾತು ಮರೆಸ್ಬೇಡ. ಎನೆಲಿಕೋಗೆ ಫೋನ್ ಮಾಡಿದೀನಿ. ಅವನು ಬರೋವರೆಗೂ ನೀನು ಅಲ್ಲಾಡಂಗಿಲ್ಲ, ನಾನು ಮ್ಯಾಚ್ ಬಿಡಂಗಿಲ್ಲ."

ಕೈ ಮೆಷಿನ್ನಿನ ವೈರನ್ನು ಮುಟ್ಟಿತು!

"ನನ್ನ ಚಾರ್ಜರ್ ಕೀಳಪ್ಪಾ! ನನ್ನ ಸಾಕೆಟ್ ನೀನೇ ತಗೋ!"

ಪೌಲೋ ನಿಂತ. ಅವನದು ಬಾಗಿಲಿನಷ್ಟು ಅಗಲದ ಮೈ. ಯೋಚನೆ ಮಾಡಲು ಮಾತ್ರ ಹೊತ್ತು ಹಿಡಿಯುತ್ತದೆ.

"ಏನೋ ಇಷ್ಟು ಒಳ್ಳೇತನ?"

"ರಗ್ಬಿ ಕಣೋ. ನಾನೂ ಇದೇ ದ್ವೀಪದಲ್ಲಿ ಹುಟ್ಟಿದೋನು."

ಆ ಮಾತು ಅವನಿಗೆ ಒಪ್ಪಿಗೆಯಾಯಿತು. ನನ್ನ ಚಾರ್ಜರ್ ಕಿತ್ತ. ತನ್ನದನ್ನು ಚುಚ್ಚಿದ. ನನ್ನ ಲ್ಯಾಪ್‌ಟಾಪ್ ಮುದಿ ಬ್ಯಾಟರಿಯ ಮೇಲೆ ಏದುಸಿರು ಬಿಡುತ್ತ ಕೆಲಸ ಮುಂದುವರಿಸಿತು. ನಾನೂ ಉಸಿರು ಬಿಟ್ಟೆ.

ಒಂದು ವೈರಿಗಾಗಿ ಕುತ್ತಿಗೆ ಒಡ್ಡಿ ಕೂತವನನ್ನು ನೋಡಿ ನಿಮಗೆ ನಗು ಬರಬಹುದು. ನಗಿ. ಆದರೆ ಪೂರ್ತಿ ಕೇಳಿಸಿಕೊಂಡು ನಗಿ.

ನನ್ನ ಹೆಸರು ಮಾಲಾಕಿ. ಈ ಸವಾಯಿ ದ್ವೀಪದಲ್ಲಿ ಯಾರ ನೆಟ್ ಲೈನ್ ಕೆಟ್ಟರೂ, ಯಾರಾದರೂ ಕದ್ದರೂ ಜನ ಮೊದಲು ಕಂಪನಿಯನ್ನು ಬೈಯುತ್ತಾರೆ. ಆಮೇಲೆ ನನ್ನನ್ನು ಕರೆಯುತ್ತಾರೆ. ಹಿಂದೆ ಆಕ್ಲೆಂಡಿನಲ್ಲಿ ಕೂತು ಕರ್ನೆಲ್ ಕೋಡ್ ಬರೆಯುತ್ತಿದ್ದೆ. ಅಲ್ಲಿನ ಬಾಸ್‌ಗಳ ಜೊತೆ ಹೊಂದಲಿಲ್ಲ, ವಾಪಸ್ ಬಂದೆ. ಇಲ್ಲಿನವರ ಜೊತೆಗೂ ಹೊಂದಿಲ್ಲ. ಮೂಗು ಎರಡು ಸಲ ಮುರಿದಿದೆ.

ಮರೇತಾ ನನ್ನ ಅಕ್ಕ. ದ್ವೀಪದ ಪಶ್ಚಿಮ ತುದಿಯ ಪುಟ್ಟ ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿ ಡಾಕ್ಟರಿಲ್ಲ. ಡಾಕ್ಟರ್ ಇರುವುದು ಕಡಲಾಚೆ, ರಾಜಧಾನಿ ಆಪಿಯಾದಲ್ಲಿ. ಇಲ್ಲಿಗೆ ಅವರು ಬರುವುದು ಪರದೆಯ ಮೇಲೆ ಮಾತ್ರ.

ಒಂದು ಶನಿವಾರ ಮೀನುಗಾರ ಫಿಲೀಪೋನ ಹೆಂಡತಿ ಇವಾ ಹೆರಿಗೆಗೆ ಬಂದಳು. ಮಗು ಹುಟ್ಟಿತು. ರಕ್ತ ನಿಲ್ಲಲಿಲ್ಲ. ಡಾಕ್ಟರ್ ಪರದೆಯಿಂದ ಒಂದೊಂದೇ ಹೇಳುತ್ತಿದ್ದರು... ಎಲ್ಲಿ ಒತ್ತಬೇಕು, ಯಾವ ಇಂಜೆಕ್ಷನ್, ಎಷ್ಟು. ಅರ್ಧ ಮಾತಿಗೆ ಅವರ ಬಾಯಿ ತೆರೆದಂತೆಯೇ ನಿಂತುಹೋಯಿತು. ಚಿತ್ರ ಅಲ್ಲಾಡಲಿಲ್ಲ. ದನಿ ಚೂರುಚೂರಾಗಿ ಬಂತು. ಅಕ್ಕ ತನಗೆ ತಿಳಿದದ್ದನ್ನೆಲ್ಲ ಮಾಡಿದಳು.

ಮಗು ಉಳಿಯಿತು. ಇವಾ ಉಳಿಯಲಿಲ್ಲ.

ವಿಚಾರಣೆ ಶುರುವಾಯಿತು. ದ್ವೀಪಕ್ಕೆಲ್ಲ ಲೈನ್ ಕೊಡುವುದು ಲೆಫಾನೋನ ಕಂಪನಿ. ಲೆಫಾನೋ ಅಂದರೆ ದೊಡ್ಡ ಮುಖಂಡ. ಚರ್ಚಿನಲ್ಲಿ ಮೊದಲ ಬೆಂಚು, ಬಾಯಿ ತುಂಬ ನಗು. ಅವನ ಎಂಜಿನಿಯರ್ ಎನೆಲಿಕೋ ಬಂದು ಮೆಷಿನ್ನಿನ ಲೆಕ್ಕವನ್ನು ಗೋಡೆಯ ಮೇಲೆ ಹಾಕಿ ತೋರಿಸಿದ. ಆ ಸಂಜೆ ಆಸ್ಪತ್ರೆಯ ಲೈನಿನಲ್ಲಿ ಒಂದೇ ಒಂದು ಪ್ಯಾಕೆಟ್, ಅಂದರೆ ಲೈನಿನಲ್ಲಿ ಹರಿಯುವ ಮಾಹಿತಿಯ ಒಂದು ತುಣುಕು ಕೂಡ ಕಾದಿಲ್ಲ! ಲೈನ್ ಚೊಕ್ಕ! ಹಾಗಾದರೆ ಚಿತ್ರ ನಿಂತಿತು ಅನ್ನುವ ನರ್ಸ್...?

ಸುಳ್ಳಿ.

ಯಾರೂ ಬಾಯಿಬಿಟ್ಟು ಹಾಗೆ ಹೇಳಲಿಲ್ಲ. ಚರ್ಚಿನಲ್ಲಿ ಅಕ್ಕನ ಪಕ್ಕದ ಜಾಗ ಖಾಲಿ ಉಳಿಯಿತು, ಅಷ್ಟೇ. ಡಾಕ್ಟರಿಗೆ ಹೊತ್ತಿಗೆ ಸರಿಯಾಗಿ ಫೋನ್ ಹಚ್ಚದೆ, ಈಗ ತಪ್ಪನ್ನು ಲೈನಿನ ಮೇಲೆ ಹಾಕುತ್ತಿದ್ದಾಳೆ ಅಂತ ಮಾತು. ಅವಳನ್ನು ಕೆಲಸದಿಂದ ನಿಲ್ಲಿಸಿದರು. ಸೋಮವಾರ ತೀರ್ಪು. ಕೆಲಸ ಪೂರ್ತಿ ಹೋಗಬಹುದು, ಜೈಲೂ ಆಗಬಹುದು. ಅದೆಲ್ಲ ಹಾಳಾಗಲಿ... ಬಾಣಂತಿಯನ್ನು ಕೊಂದವಳು ಅನ್ನುವ ಹೆಸರು ಅವಳು ಸಾಯುವವರೆಗೂ ಹೋಗುವುದಿಲ್ಲ. ನಮ್ಮಲ್ಲಿ ಅಕ್ಕನ ಹೆಸರು ತಮ್ಮನ ತಲೆಯ ಮೇಲಿರುತ್ತದೆ. ನನಗೆ ರಕ್ತ ಕುದಿಯುತ್ತಿತ್ತು.

"ನಾನು ಸುಳ್ಳು ಹೇಳ್ತಿದೀನಿ ಅಂತ ನಿನಗೂ ಅನ್ಸುತ್ತೇನೋ ಮಾಲಾಕಿ?"

"ಅಕ್ಕಾ! ಸುಮ್ನಿರು."

"ನನ್ನ ಬದಲಿಗೆ ಬಂದಿರೋ ಹುಡುಗಿಗೂ ಮೊನ್ನೆ ಹಂಗೇ ನಿಂತೋಯ್ತಂತೆ. ಯಾವ್ದೋ ಕೂಸಿಗೆ ಜ್ವರ ಅಂತ ಡಾಕ್ಟರಿಗೆ ಹಚ್ಚಿದ್ಲಂತೆ."

ಮೊನ್ನೆಯಾ? ವಿಚಾರಣೆ ನಡೆಯುತ್ತಿರುವಾಗಲೇ? ನನ್ನ ಕಿವಿ ನೆಟ್ಟಗಾಯಿತು.

ಆಸ್ಪತ್ರೆಗೆ ಹೋಗಿ ಲೈನ್ ಅಳೆದೆ. ಬೆಳಿಗ್ಗೆ ಅಳೆದೆ, ಮಧ್ಯಾಹ್ನ ಅಳೆದೆ, ಸಂಜೆ ಅಳೆದೆ. ಒಂದೇ ವೇಗ! ಜನ ಹೆಚ್ಚಾಗಿ ದಣಿದ ಲೈನ್ ಏಳುತ್ತದೆ, ಬೀಳುತ್ತದೆ. ಮೂರು ಹೊತ್ತೂ ಒಂದೇ ವೇಗದಲ್ಲಿ ತೆವಳುವ ಲೈನನ್ನು ಯಾರೋ ಕಟ್ಟಿಹಾಕಿರುತ್ತಾರೆ.

ಹಾಗಾದರೆ ಮೆಷಿನ್ನಿನ ಲೆಕ್ಕ ಯಾಕೆ ಚೊಕ್ಕ?

ಇದೊಂದನ್ನು ಸ್ವಲ್ಪ ತಾಳ್ಮೆಯಿಂದ ಕೇಳಿ. ಕರ್ನೆಲ್ ಅಂದರೆ ಮೆಷಿನ್ನಿನೊಳಗಿನ ಯಜಮಾನ. ಯಾವ ಲೈನಿಗೆ ಎಷ್ಟು ವೇಗ ಅಂತ ಕಡಿವಾಣ ಹಾಕುವುದು ಅದರ ಕೆಲಸ. ಪ್ರತಿಯೊಂದು ಪ್ಯಾಕೆಟ್ಟನ್ನೂ ನಿಲ್ಲಿಸಿ, ಗಡಿಯಾರ ನೋಡಿ, ಹೊತ್ತಾದ ಮೇಲೆ ಬಿಡಬೇಕು. ಸಾವಿರಾರು ಲೈನಾದರೆ ಯಜಮಾನನಿಗೆ ಉಸಿರು ಕಟ್ಟುತ್ತದೆ. ಅದಕ್ಕೇ ದುಡ್ಡಿರುವ ಕಂಪನಿಗಳು ಜಾಣ ನೆಟ್‌ವರ್ಕ್ ಕಾರ್ಡ್ ತರಿಸುತ್ತವೆ. ಈ ಲೈನಿಗೆ ಇಷ್ಟೇ ಬಿಡು ಅಂತ ಕರ್ನೆಲ್ ಒಂದು ಸಲ ಕಾರ್ಡಿಗೆ ಹೇಳಿದರೆ ಮುಗಿಯಿತು. ಆಮೇಲೆ ಕಾರ್ಡ್ ತನ್ನದೇ ಚಿಪ್‌ನಲ್ಲಿ, ತನ್ನದೇ ಗಡಿಯಾರ ಇಟ್ಟುಕೊಂಡು ತಡೆಯುತ್ತದೆ. ಕರ್ನೆಲ್ ಪ್ಯಾಕೆಟ್ಟನ್ನು ಕಾರ್ಡಿನ ಕೈಗೆ ಕೊಟ್ಟು, ಹೋಯಿತು ಅಂತ ಬರೆದುಕೊಂಡು ಕೈ ತೊಳೆದುಕೊಳ್ಳುತ್ತದೆ. ಅದು ಹೊಸ್ತಿಲಲ್ಲೇ ಬಿದ್ದು ಒದ್ದಾಡಿದರೂ ಯಜಮಾನನಿಗೆ ಗೊತ್ತಾಗುವುದಿಲ್ಲ!

ವಿಚಾರಣೆಯಲ್ಲಿ ತೋರಿಸಿದ್ದು ಯಜಮಾನನ ಲೆಕ್ಕ. ಕಾರ್ಡನ್ನು ಯಾರೂ ಕೇಳಿರಲಿಲ್ಲ.

ನನ್ನ ಊಹೆ ಇದು: ಮ್ಯಾಚ್ ಇದ್ದ ದಿನ ಎನೆಲಿಕೋ ಕೆಲವು ಲೈನುಗಳಿಗೆ ಕಡಿವಾಣ ಹಾಕುತ್ತಿದ್ದ. ಮ್ಯಾಚ್ ಮುಗಿದ ಮೇಲೆ ತೆಗೆಯುತ್ತಿದ್ದ. ಆ ಶನಿವಾರ ಮ್ಯಾಚಿನ ಮಧ್ಯೆಯೇ ಸಾವಿನ ಸುದ್ದಿ ಬಂತು. ಹೆದರಿದ. ಆಜ್ಞೆಗಳನ್ನೆಲ್ಲ ಅಳಿಸಿ ಮೆಷಿನ್ ರೀಸ್ಟಾರ್ಟ್ ಮಾಡಿದ. ಎದ್ದ ಕರ್ನೆಲ್ಲಿಗೆ ಆ ಆಜ್ಞೆಗಳ ನೆನಪಿಲ್ಲ. ಎಲ್ಲ ತೊಳೆದುಹೋಯಿತು ಅಂದುಕೊಂಡ.

ಆದರೆ ರೀಸ್ಟಾರ್ಟ್ ಮಾಡಿದರೆ ಮಲಗಿ ಏಳುವುದು ಮೆಷಿನ್. ಈ ಜಾತಿಯ ಕಾರ್ಡ್ ಮಲಗುವುದಿಲ್ಲ! ವೈರಿನಲ್ಲಿ ಕರೆಂಟ್ ಇರುವವರೆಗೂ ಅದು ಎಚ್ಚರ. ಕೊನೆಗೆ ಹೇಳಿದ ಮಾತನ್ನು ಹಿಡಿದುಕೊಂಡೇ ಕೂತಿರುತ್ತದೆ. ಹಿಡಿ ಅಂತ ಹೇಳಿದ್ದರು. ಬಿಡು ಅಂತ ಯಾರೂ ಹೇಳಿರಲಿಲ್ಲ.

ಸಾಕ್ಷಿ ಆ ಕಾರ್ಡಿನಲ್ಲಿ ಬದುಕಿತ್ತು. ವೈರ್ ಕಿತ್ತರೆ ಅದೂ ಸಾಯುತ್ತಿತ್ತು.

ಅದಕ್ಕೇ ಮುಂದಿನ ಮ್ಯಾಚಿನ ಸಂಜೆ, ಕಾವಲಿನವನ ಕಣ್ಣು ಫೋನಿನಲ್ಲಿರುವಾಗ, ಕಂಪನಿಯ ಮೆಷಿನ್ ಕೋಣೆಯ ಹಿಂದಿನ ಕಿಟಕಿಯಿಂದ ಒಳಗಿಳಿದೆ. ಎನೆಲಿಕೋನ ಪಾಸ್‌ವರ್ಡ್? ಅವನ ರಗ್ಬಿ ಟೀಮಿನ ಹೆಸರು. ಈ ದ್ವೀಪದಲ್ಲಿ ಎಲ್ಲರದ್ದೂ ಅದೇ. ಕಾರ್ಡಿನ ಹೊಟ್ಟೆಯಲ್ಲಿದ್ದುದನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಲು ಹಚ್ಚಿದ್ದೆ. ಆಗ ಕುತ್ತಿಗೆಗೆ ಬಂತು ಮಚ್ಚು!

ಈಗ ಪೌಲೋ ಕುರ್ಚಿಯ ಮೇಲೆ ಕೂತು ಫೋನ್ ನೋಡುತ್ತಿದ್ದ. ಮಚ್ಚು ಮಾತ್ರ ನನ್ನ ಭುಜದ ಮೇಲೇ.

"ಲೋ ಮಾಲಾಕಿ, ಆ ಪೆಟ್ಟಿಗೇಲಿ ಏನು ಕದೀತಿದೀಯ?"

"ನಮ್ಮಕ್ಕನ ಹೆಸರು."

"ಕಂಪ್ಯೂಟರಲ್ಲಿ ಅದೂ ಸಿಗುತ್ತಾ?"

"ಕೆಲವು ಸಲ."

ಹೊರಗೆ ಗಾಡಿ ನಿಂತ ಸದ್ದು. ಬಾಗಿಲು ದಡಾರ್ ಎಂದಿತು. ಎನೆಲಿಕೋ!

"ಪೌಲೋ! ಏನ್ ಮಾಡ್ತಾ ಕೂತಿದೀಯ?"

"ಕಾವಲು."

ಎನೆಲಿಕೋ ನನ್ನ ಪರದೆಯನ್ನು ನೋಡಿದ. ಅವನ ಮುಖದ ಬಣ್ಣ ಇಳಿಯಿತು.

"ಇದು... ಕಾರ್ಡಿನ ಒಳಗಿಂದಾ?"

"ರೀಸ್ಟಾರ್ಟ್ ಮಾಡಿದ್ರೆ ಸಾಕು ಅಂದ್ಕೊಂಡ್ಯಾ ಎನೆಲಿಕೋ?"

ಅವನಿಗೆ ಎಲ್ಲವೂ ಒಂದೇ ಸಲ ಹೊಳೆಯಿತು. ಕಲಿತವನು, ತಿಳಿಯದೆ ಇರುತ್ತದೆಯೇ!

"ಪೌಲೋ! ವೈರ್ ಕೀಳು! ಬೇಗ!"

"ಯಾವ್ದು?"

"ಗೋಡೇದು! ಕೀಳೋ!"

ಪೌಲೋ ಹೇಳಿದ ಮಾತು ಕೇಳುವವನು. ಕೈಗೆ ಸಿಕ್ಕಿದ ವೈರನ್ನು ಬೇರುಸಹಿತ ಕಿತ್ತ.

ತನ್ನ ಫೋನಿನದು!

"ಅಯ್ಯಯ್ಯೋ! ನನ್ನ ಮ್ಯಾಚು!"

ನನ್ನ ಪರದೆಯಲ್ಲಿ ಕೊನೆಯ ಸಾಲು ಬಿತ್ತು. ಮುಗಿಯಿತು!

ಮೇಜನ್ನು ಒದ್ದೆ. ಮಚ್ಚು ನೆಲಕ್ಕೆ ಬಿತ್ತು. ಲ್ಯಾಪ್‌ಟಾಪ್ ಕಂಕುಳಲ್ಲಿ ಅದುಮಿಕೊಂಡು ಕಿಟಕಿಯಿಂದ ಹಾರಿದೆ. ಹಿಂದೆ ಮೆಷಿನ್ನಿನ ಗುಂಯ್ ಸದ್ದು ಥಟ್ಟನೆ ನಿಂತಿತು. ಈ ಸಲ ಎನೆಲಿಕೋ ತಾನೇ ಕಿತ್ತಿದ್ದ.

ಇಡೀ ದ್ವೀಪದ ನೆಟ್ ಸತ್ತಿತು. ಮ್ಯಾಚಿನ ಕೊನೆಯ ಗಳಿಗೆ! ಮನೆಮನೆಯಿಂದ ಒಂದೇ ಸಲ ಎದ್ದ ಬೈಗುಳ ನನ್ನ ಕಿವಿಗೂ ಬಿತ್ತು. ಸಂತೋಷವಾಗಬೇಕಿತ್ತು... ಆಗಲಿಲ್ಲ. ಕಾರ್ಡಿನಲ್ಲಿದ್ದ ಸಾಕ್ಷಿ ಸತ್ತುಹೋಗಿತ್ತು. ಪ್ರತಿಯನ್ನು ಯಾರಿಗಾದರೂ ಕಳಿಸೋಣವೆಂದರೆ ಲೈನಿಲ್ಲ. ಉಳಿದದ್ದು ನನ್ನ ಕಂಕುಳಲ್ಲಿದ್ದ ಒಂದೇ ಒಂದು!

ನನ್ನ ಹಳೆಯ ಪಿಕಪ್ಪನ್ನು ಕಡಲ ದಂಡೆಯ ರಸ್ತೆಗೆ ಬಿಟ್ಟೆ. ಹಡಗುಕಟ್ಟೆ ಮುಟ್ಟಿದರೆ ಉಳಿದೆ. ಅಲ್ಲಿ ಪೊಲೀಸ್ ಠಾಣೆಯಿದೆ, ಜನರಿದ್ದಾರೆ.

ಕನ್ನಡಿಯಲ್ಲಿ ಕಂಪನಿಯ ಬಿಳಿ ಗಾಡಿ ಕಾಣಿಸಿತು. ಎನೆಲಿಕೋ ಓಡಿಸುತ್ತಿದ್ದ. ಹಿಂದಿನ ತೊಟ್ಟಿಯಲ್ಲಿ ನಿಂತ ಪೌಲೋನ ಕೈಯಲ್ಲಿ ಮತ್ತೆ ಮಚ್ಚು. ಅವನ ಸಿಟ್ಟು ಈಗ ನಿಜವಾದ ಸಿಟ್ಟು. ಮ್ಯಾಚ್ ಹೋಗಿತ್ತಲ್ಲ!

ಢಮ್! ಹಿಂದಿನಿಂದ ಗುದ್ದಿದರು.

ಹಂದಿಮರಿಗಳ ಸಾಲೊಂದು ಅಡ್ಡ ಬಂತು. ತಪ್ಪಿಸಿದೆ. ಎಡಕ್ಕೆ ಕಡಲು, ಬಲಕ್ಕೆ ಲಾವಾ ಕಲ್ಲು.

ಢಮ್! ಮತ್ತೆ ಗುದ್ದಿದರು. ಹಿಂದಿನ ದೀಪ ಪುಡಿಯಾಯಿತು.

"ನಿಲ್ಸೋ ಮಾಲಾಕಿ! ಕಡಲಿಗೆ ತಳ್ತೀನಿ!"

ಇನ್ನೊಂದು ಗುದ್ದು ಬಿದ್ದಿದ್ದರೆ ತಳ್ಳಿಯೇ ಬಿಡುತ್ತಿದ್ದರು. ಸೂರ್ಯ ನೀರಿಗೆ ಇಳಿಯುತ್ತಿದ್ದ. ಮುಂದೆ ಒಂದು ಊರು. ಆಗ...

ಶಂಖ ಮೊಳಗಿತು.

ಬ್ರೇಕ್ ಒತ್ತಿದೆ!

ಹುಚ್ಚನೇ ಅನ್ನಬೇಡಿ. ಸಂಜೆಯ ಪ್ರಾರ್ಥನೆಯ ಶಂಖ ಅದು. ನಮ್ಮವರು ಇದನ್ನು ಸಾ ಅನ್ನುತ್ತಾರೆ. ಒಮ್ಮೆ ಊದಿದರೆ ಆ ಊರೊಳಗೆ ಗಾಡಿ ಚಲಿಸುವಂತಿಲ್ಲ, ಮನುಷ್ಯ ನಡೆಯುವಂತಿಲ್ಲ. ರಸ್ತೆಯ ಎರಡೂ ಬದಿ ಊರಿನ ಗಂಡಸರು ಲುಂಗಿ ಉಟ್ಟು, ಕೈಕಟ್ಟಿ ನಿಂತಿದ್ದರು. ನಾನು ಮೊದಲನೆಯವನ ಮುಂದೆಯೇ ಗಾಡಿ ನಿಲ್ಲಿಸಿ, ಇಳಿದು, ಹುಲ್ಲಿನ ಮೇಲೆ ಕೂತು ತಲೆ ಬಗ್ಗಿಸಿದೆ.

ಬಿಳಿ ಗಾಡಿ ಓಡಿಬಂದ ಭರಕ್ಕೆ ನನ್ನನ್ನು ದಾಟಿ ಊರೊಳಗೇ ನುಗ್ಗಿತು! ಎನೆಲಿಕೋಗೆ ಸಾ ಗೊತ್ತಿಲ್ಲವೆಂದಲ್ಲ. ಆ ಗಳಿಗೆಯಲ್ಲಿ ಅವನಿಗೆ ನನ್ನ ಕಂಕುಳಲ್ಲಿದ್ದದ್ದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ರಸ್ತೆಗೆ ಅಡ್ಡ ಒಂದು ತೆಂಗಿನ ದಿಮ್ಮಿ ಬಿತ್ತು. ಗಾಡಿ ನಿಂತಿತು. ಒಬ್ಬ ಕೈ ತೋರಿಸಿದ, ಇಬ್ಬರೂ ಇಳಿದು ನನ್ನ ಪಕ್ಕದಲ್ಲೇ ಬಂದು ಕೂತರು.

ಮನೆಗಳಿಂದ ಹಾಡು ಕೇಳಿಬಂತು. ಪೌಲೋ ಮಚ್ಚನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಭಕ್ತಿಯಿಂದ ತಾನೂ ಹಾಡಿದ. ಕಂಠ ಚೆನ್ನಾಗಿತ್ತು.

ಎನೆಲಿಕೋ ತುಟಿ ಅಲುಗದಂತೆ ಪಿಸುಗುಟ್ಟಿದ.

"ಅದು ಆಸ್ಪತ್ರೆ ಲೈನ್ ಅಂತ ನಂಗೆ ಗೊತ್ತಿರ್ಲಿಲ್ಲ ಮಾಲಾಕಿ."

"ಸುಳ್ಳು."

"ದೇವರಾಣೆ. ಲೆಫಾನೋ ಬರೀ ನಂಬರ್ ಹೇಳ್ದ. ಅವನ ಮ್ಯಾಚ್ ಚಾನೆಲ್ಲಲ್ಲಿ ಬೆಟ್ಟಿಂಗ್ ಕಟ್ದೇ ಇರೋರ ಲೈನೆಲ್ಲ ಬಿಗಿ ಮಾಡು ಅಂದ. ಮ್ಯಾಚ್ ಚಾನೆಲ್ ಒಂದು ಸಲ ನಿಂತ್ರೂ ಜನ ದುಡ್ಡು ವಾಪಸ್ ಕೇಳ್ತಾರೆ ಅಂದ. ನಂಬರ್ ಹಾಕ್ದೆ. ಕಾರ್ಡ್ ತಗೊಂತು."

"ಯಾರ ನಂಬರ್ ಅಂತ ನೋಡ್ಲಿಲ್ವಾ?"

"ನೋಡ್ಬಹುದಿತ್ತು."

ಅವನ ಕಣ್ಣಲ್ಲಿ ನೀರಿತ್ತು. ನನಗೆ ಕನಿಕರ ಬರಲಿಲ್ಲ. ಇವಾಳ ಮೈಯಿಂದ ರಕ್ತ ಹೋಗುತ್ತಿದ್ದಾಗ ಇವನು ಕೂತು ರಗ್ಬಿ ನೋಡುತ್ತಿದ್ದ!

"ಸೋಮವಾರ ಇದನ್ನೇ ಅಲ್ಲಿ ಹೇಳು."

"ಹೇಳಿದ್ರೆ ನಮ್ಮ ಮನೆತನಾನೇ ಮುಗೀತು. ನಮ್ಮಪ್ಪನ ಮನೆ, ಜಮೀನು, ಎಲ್ಲಾ ಲೆಫಾನೋನ ಮಾತಿನ ಮೇಲೆ ನಿಂತಿದೆ. ಗೊತ್ತಲ್ಲ ನಿಂಗೆ..."

ಶಂಖ ಮತ್ತೆ ಮೊಳಗಿತು. ಸಾ ಮುಗಿಯಿತು. ಪೌಲೋ ಆಮೆನ್ ಅಂದು, ಕಣ್ಣು ತೆರೆದು, ಮಚ್ಚು ಎತ್ತಿಕೊಂಡು ನನ್ನ ಮೇಲೆ ಎದ್ದ!

"ಕೂತ್ಕೋ!"

ಊರಿನ ಹಿರಿಯ. ತೆಳ್ಳಗಿನ ಮುದುಕ, ಕೈಯಲ್ಲಿ ಕೋಲು. ಹಿಂದೆ ಹತ್ತಾರು ಗಂಡಸರು. ಪೌಲೋ ಕೂತ.

"ಶಂಖ ಊದಿದ್ಮೇಲೆ ಗಾಡಿ ಓಡಿಸಿದ್ದು ಯಾರು?"

"ಯಜಮಾನ್ರೇ, ಇವನು ಕಳ್ಳ! ಇವನನ್ನ ಹಿಡಿಯೋಕೆ..."

"ಅವನು ಕೂತಿದ್ದ. ನೀವು ಓಡಿಸಿದ್ರಿ."

"ಆ ಲ್ಯಾಪ್‌ಟಾಪು ನಮ್ಮ ಕಂಪನಿ..."

"ನಾನು ಲ್ಯಾಪ್‌ಟಾಪ್ ಕೇಳ್ಲಿಲ್ಲ ಮಗಾ. ಒಂದು ಹಂದಿ, ಒಂದು ಪೆಟ್ಟಿಗೆ ಡಬ್ಬಿ ಮೀನು. ದಂಡ ತಂದು ಕೊಡೋವರೆಗೂ ಗಾಡಿ ಇಲ್ಲೇ, ನೀವೂ ಇಲ್ಲೇ."

"ನಾಳೆ ಭಾನುವಾರ! ಅಂಗಡಿ ತೆಗೆಯಲ್ಲ!" ಎನೆಲಿಕೋ ಕೂಗಿದ.

"ಹಂಗಾದ್ರೆ ಸೋಮವಾರ ಕೊಡಿ. ಊಟಕ್ಕೇನೂ ಕಮ್ಮಿ ಮಾಡಲ್ಲ." ಮುದುಕ ನನ್ನ ಕಡೆ ತಿರುಗಿದ. "ನೀನು ಮರೇತಾ ನರ್ಸಮ್ಮನ ತಮ್ಮ ಅಲ್ವೇನೋ? ನನ್ನ ಮೊಮ್ಮಗ ಹುಟ್ಟಿದ್ದು ಅವಳ ಕೈಲಿ. ಹೋಗು, ಕತ್ತಲಾಗುತ್ತೆ."

ಹೋದೆ. ಹಡಗುಕಟ್ಟೆ ಮುಟ್ಟುವವರೆಗೂ ಕನ್ನಡಿ ನೋಡುತ್ತಲೇ ಇದ್ದೆ.

ಸೋಮವಾರ ವಿಚಾರಣೆಯ ಕೋಣೆ ತುಂಬಿತ್ತು. ಅಕ್ಕ ಬಿಳಿ ಬಟ್ಟೆ ಉಟ್ಟು ಒಬ್ಬಳೇ ಕೂತಿದ್ದಳು. ಮೂಲೆಯಲ್ಲಿ ಫಿಲೀಪೋ, ಮಡಿಲಲ್ಲಿ ತಾಯಿಯಿಲ್ಲದ ಕೂಸು. ದಂಡ ತೆತ್ತು ಬಂದ ಎನೆಲಿಕೋನ ಲುಂಗಿಗೆ ಹಂದಿಗೂಡಿನ ವಾಸನೆ ಇನ್ನೂ ಅಂಟಿಕೊಂಡಿತ್ತು. ಅವನ ಪಕ್ಕದಲ್ಲಿ ಲೆಫಾನೋ, ಇ‍ಸ್ತ್ರಿ ಮಾಡಿದ ಅಂಗಿ, ಮಾಮೂಲಿ ನಗು.

ನಾನು ತಂದದ್ದನ್ನು, ವಿಚಾರಣೆಯವರು ಆಪಿಯಾದಿಂದ ಕರೆಸಿದ್ದ ಕಂಪ್ಯೂಟರ್ ತಜ್ಞೆಯ ಮುಂದಿಟ್ಟೆ. ಆಕೆ ಓದಿದಳು. ಮತ್ತೆ ಓದಿದಳು. ಕನ್ನಡಕ ತೆಗೆದಳು.

"ಆಸ್ಪತ್ರೆ ಲೈನಿಗೆ ಕಾರ್ಡಿನೊಳಗೇ ಕಡಿವಾಣ ಬಿದ್ದಿದೆ. ಆ ಶನಿವಾರ ಮ್ಯಾಚ್ ಶುರುವಾಗೋಕೆ ಸ್ವಲ್ಪ ಮುಂಚೆ. ಪ್ಯಾಕೆಟ್‌ಗಳು ರಾಶಿ ರಾಶಿ ಬಿದ್ದುಹೋಗಿವೆ. ಚಿತ್ರ ನಿಂತಿದೆ. ನರ್ಸ್ ಹೇಳಿದ್ದು ನಿಜ."

ಕೋಣೆಯಲ್ಲಿ ಒಂದು ಉಸಿರು ಎದ್ದಿತು. ಅಕ್ಕ ಮುಖ ಮುಚ್ಚಿಕೊಂಡಳು. ಲೆಫಾನೋನ ನಗು ಮಾಯ! ಆ ಒಂದು ಗಳಿಗೆ... ಅಷ್ಟೇ ನನ್ನ ಪಾಲಿಗೆ ಬಂದದ್ದು. ಚೆನ್ನಾಗಿತ್ತು.

"ಇದನ್ನ ಹಾಕಿದ್ದು ಯಾರು?" ವಿಚಾರಣೆಯ ಅಧಿಕಾರಿ ಕೇಳಿದ.

"ಯಾವಾಗ, ಎಷ್ಟು ಅಂತ ಕಾರ್ಡಿಗೆ ಗೊತ್ತು. ಯಾರು ಅಂತ ಗೊತ್ತಿಲ್ಲ," ಅಂದಳು ತಜ್ಞೆ.

ಎಲ್ಲರೂ ಎನೆಲಿಕೋನನ್ನು ನೋಡಿದರು. ಎನೆಲಿಕೋ ಲೆಫಾನೋನನ್ನು ನೋಡಿದ. ಲೆಫಾನೋ ಚಾವಣಿ ನೋಡಿದ. ಹುಲ್ಲಿನ ಮೇಲೆ ಎನೆಲಿಕೋ ಪಿಸುಗುಟ್ಟಿದ್ದಕ್ಕೆ ನನ್ನ ಕಿವಿ ಬಿಟ್ಟು ಬೇರೆ ಸಾಕ್ಷಿಯಿರಲಿಲ್ಲ. ವಿಚಾರಣೆಯನ್ನು ಮರುದಿನಕ್ಕೆ ಮುಂದೂಡಿದರು.

ಹೊರಗೆ ಲೆಫಾನೋ ನನ್ನ ಹೆಗಲ ಮೇಲೆ ಕೈ ಹಾಕಿದ.

"ಚಿಕ್ಕ ದ್ವೀಪ ಕಣಪ್ಪಾ ಮಾಲಾಕಿ. ಎಲ್ಲರಿಗೂ ಎಲ್ಲರೂ ನೆಂಟರೇ. ನಿನಗೆ ನಿಮ್ಮಕ್ಕನ ಹೆಸರು ಉಳೀಬೇಕು ತಾನೇ?"

"ಕೈ ತೆಗೀರಿ."

"ಉಳಿಯುತ್ತೆ. ಎಲ್ಲರ ಹೆಸರೂ ಉಳಿಯುತ್ತೆ. ನೋಡ್ತಿರು."

ಮರುದಿನ ಬೆಳಕು ಹರಿಯುವಾಗ ಫಿಲೀಪೋನ ಮನೆಯ ಮುಂದೆ ಜನ ಕೂತಿದ್ದರು. ಎನೆಲಿಕೋ, ಅವನ ಅಪ್ಪ, ಅವನ ಚಿಕ್ಕಪ್ಪಂದಿರು. ನೆಲದ ಮೇಲೆ ತಲೆ ತಗ್ಗಿಸಿ, ಮೈ ಮೇಲೆ ಅಜ್ಜಿಯರ ಕಾಲದ ನಯವಾದ ಚಾಪೆಗಳನ್ನು ಹೊದ್ದು. ಇದು ಇಫೋಗಾ. ತಪ್ಪಾಯಿತು, ಕೊಂದರೂ ಸರಿ, ಕ್ಷಮಿಸಿದರೂ ಸರಿ ಅಂತ ಶರಣಾಗಿ ಕೂರುವುದು. ಸತ್ತವರ ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಅಲ್ಲೇ ಕೂತಿರಬೇಕು.

ಚಾಪೆಯ ಕೆಳಗೆ ಲೆಫಾನೋ ಇರಲಿಲ್ಲ. ಅವನು ಹಿಂದೆ, ದೀವಿಹಲಸಿನ ಮರದ ನೆರಳಲ್ಲಿ ನಿಂತಿದ್ದ. ಚಾಪೆಗಳನ್ನು ಕೊಡಿಸಿದ್ದು ಮಾತ್ರ ಅವನು.

ಬಿಸಿಲು ಏರಿತು. ಎನೆಲಿಕೋನ ಅಪ್ಪ ಮುದುಕ, ನಡುಗುತ್ತಿದ್ದ. ನಾನು ಬೇಲಿಯಾಚೆ ನಿಂತು ಮನಸ್ಸಿನಲ್ಲೇ ಕೂಗುತ್ತಿದ್ದೆ... ಎತ್ತಬೇಡ ಫಿಲೀಪೋ! ಮರದ ಕೆಳಗಿನವನು ಬಂದು ಕೂರುವವರೆಗೂ ಎತ್ತಬೇಡ!

ಫಿಲೀಪೋ ಬಂದ. ಕೂಸು ಎಡಗೈಯಲ್ಲಿ. ಬಲಗೈಯಿಂದ ಚಾಪೆ ಎತ್ತಿದ.

ಎನೆಲಿಕೋ ಅವನ ಕಾಲು ಹಿಡಿದುಕೊಂಡು ಮಗುವಿನಂತೆ ಅತ್ತ.

ಆಮೇಲೆ ನಾನು ಫಿಲೀಪೋನನ್ನು ತಡೆದೆ.

"ಯಾಕೆ ಎತ್ತಿದ್ಯೋ? ಮಾಡಿಸಿದೋನು ನೆರಳಲ್ಲಿ ನಿಂತಿದ್ದ!"

"ಗೊತ್ತು."

"ಗೊತ್ತಿದ್ದೂ?"

"ಆ ಮುದುಕಪ್ಪ ಬಿಸಿಲಲ್ಲಿ ಕೂತಿತ್ತು ಮಾಲಾಕಿ. ಅವರು ಬಂದು ಕೂತ್ರು. ಬರದೆ ಇರೋನ ಮೇಲಿನ ಸಿಟ್ಟನ್ನ ಬಂದೋರ ಮೇಲೆ ಹೆಂಗೆ ತೀರಿಸ್ಲಿ? ಈ ಕೂಸು ನಾಳೆ ಇದೇ ಊರಲ್ಲಿ ಬೆಳೀಬೇಕು."

ಅವನು ದೊಡ್ಡ ಮನುಷ್ಯ. ಅವನ ದೊಡ್ಡತನವನ್ನು ಲೆಫಾನೋ ಮೊದಲೇ ಲೆಕ್ಕ ಹಾಕಿ ಇಟ್ಟುಕೊಂಡಿದ್ದ. ನನಗೆ ಹೊಟ್ಟೆ ಉರಿದದ್ದು ಅದಕ್ಕೇ.

ಸತ್ತವಳ ಮನೆಯವರು ಕ್ಷಮಿಸಿದ ಮೇಲೆ ವಿಚಾರಣೆಗೂ ಹುರುಪು ಉಳಿಯಲಿಲ್ಲ. ಮಧ್ಯಾಹ್ನವೇ ವರದಿ ತಯಾರಾಯಿತು. ನರ್ಸ್ ನಿರ್ದೋಷಿ. ಕಾರಣ: ನೆಟ್‌ವರ್ಕ್ ಕಾರ್ಡಿನ ದೋಷ. ಮನುಷ್ಯರ ತಪ್ಪು ಕಂಡುಬಂದಿಲ್ಲ. ಕೆಳಗೆ ಅಕ್ಕನ ಒಪ್ಪಿಗೆಯ ಸಹಿಗೆ ಜಾಗ ಬಿಟ್ಟಿದ್ದರು.

"ಹಾಕ್ಬೇಡಕ್ಕಾ! ಇದು ಸುಳ್ಳು! ಕಾರ್ಡಿಗೇನೂ ದೋಷ ಇರ್ಲಿಲ್ಲ!"

"ಹಾಕ್ದಿದ್ರೆ?"

"ಇನ್ನೊಂದು ವಿಚಾರಣೆ ಕೇಳೋಣ. ವರ್ಷ ಹಿಡೀಬಹುದು. ಲೆಫಾನೋನ ಬಾಯಿ ಬಿಡಿಸ್ತೀನಿ."

"ಅಲ್ಲೀವರೆಗೂ ನಾನು ಮನೇಲಿರ್ಬೇಕಾ?"

"ಹೂಂ."

"ಆಸ್ಪತ್ರೇಲಿ ಈಗ ಯಾರಿದಾರೆ?"

"ಆ ಹೊಸ ಹುಡುಗಿ."

"ಅವಳಿಗೆ ಒಬ್ಬಳೇ ಹೆರಿಗೆ ಮಾಡಿಸೋಕೆ ಬರಲ್ಲ ಕಣೋ. ಈ ತಿಂಗಳು ಮೂವರು ಬಸುರೀರು ಇದಾರೆ."

ಸಹಿ ಹಾಕಿದಳು. ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು.

"ನಾವು ಗೆದ್ವೇನೋ ಮಾಲಾಕಿ?"

ನಾನು ಪೆನ್ನಿನ ಮುಚ್ಚಳ ಹಾಕಿದೆ. ಅವಳು ಅಂದೇ ಸಂಜೆ ಕೆಲಸಕ್ಕೆ ಹೋದಳು. ಭಾನುವಾರ ಚರ್ಚಿನಲ್ಲಿ ಅವಳ ಪಕ್ಕದಲ್ಲಿ ಮತ್ತೆ ಜನ ಕೂತರು. ಮೊದಲ ಬೆಂಚಿನಲ್ಲಿ ಲೆಫಾನೋ ಎಲ್ಲರಿಗಿಂತ ಜೋರಾಗಿ ಹಾಡಿದ. ಅವನ ಮ್ಯಾಚ್ ಚಾನೆಲ್ ಈಗಲೂ ನಡೆಯುತ್ತಿದೆ, ಒಂದು ಸಲವೂ ನಿಲ್ಲದೆ. ನಾನು ಪ್ರತಿ ಶನಿವಾರ ಆಸ್ಪತ್ರೆಗೆ ಹೋಗಿ ಲೈನ್ ಅಳೆಯುತ್ತೇನೆ. ಪೌಲೋ ಒಂದೊಂದು ಸಲ ಜೊತೆಗೆ ಬರುತ್ತಾನೆ, ಅಲ್ಲಿ ಚಾರ್ಜರಿಗೆ ಸಾಕೆಟ್ ಜಾಸ್ತಿ ಅಂತ.

ಆ ಹಳೆಯ ಕಾರ್ಡನ್ನು ಮೆಷಿನ್ನಿಂದ ಕಿತ್ತು ಕಸದ ಗುಂಡಿಗೆ ಎಸೆದರು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿತ್ತು. ಕೇಳಿದಾಗ ನಿಜ ಹೇಳಿತ್ತು. ಆದರೂ ತಪ್ಪೆಲ್ಲ ಅದರದ್ದೇ ಆಯಿತು.

ಪಾಪ... ಅದರ ಪರವಾಗಿ ಚಾಪೆ ಹೊದ್ದು ಬಿಸಿಲಲ್ಲಿ ಕೂರಲು ಒಬ್ಬ ಚಿಕ್ಕಪ್ಪನೂ ಇರಲಿಲ್ಲ!